ನೀರಿನ ಗೆರೆಯ ಕೆಳಗೆ

ಬೆಟಗೇರಿಯ ನಮ್ಮ ಓಣಿಗೆ ನಳ ಬರುವುದು
ಹದಿನೆಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.
ಕೊಡಗಳು ಒಂದನ್ನೊಂದು ಹಾಯುವ ಹೊತ್ತಿಗೆ
ನಾಗೂಸಾ ಮಿಸ್ಕಿನ ಎರಡೇ ಬಕೆಟ್ಟು ಹಿಡಿದು
ಪಾಳಿಯ ಕಟ್ಟಕಡೆಗೆ ನಿಲ್ಲುತ್ತಿದ್ದ.
"ಸಾಕಾಗತೈತೇನ್ರಿ?" ಅಂದರೆ,
"ಹಡಗದಾಗ ಇಷ್ಟರಾಗ ನಾಲ್ಕ ಮಂದಿ ಮೈ ತೊಳಕೊಂಡು
ಉಳಿದದ್ದರಾಗ ಚಡ್ಡಿ ಹಿಂಡತಿದ್ವಿ."
ಸುತ್ತಲೂ ಸಮುದ್ರವೇ ಇದ್ದವನ ಮಾತಿಗೆ
ಹೆಂಗಸರು ಕೊಡ ತುಳುಕುವಂತೆ ನಗುತ್ತಿದ್ದರು.

ಹದಿನೈದು ವರ್ಷದ ನೇವಿ.
ಅಪ್ಪನ ಕುಣಿಮಗ್ಗ ಒಲ್ಲೆನೆಂದು
ಗುಂತಕಲ್ ಪ್ಯಾಸೆಂಜರ್ ಹತ್ತಿ ಓಡಿದವನನ್ನು
ಹಡಗಿನ ತಳಕ್ಕೆ ಇಳಿಸಿದರು.
ಅದೂ ಕುಣಿಯೇ, ಬೆಂಕಿ ಹಚ್ಚಿದ ಕುಣಿ.
ಮೇಲೆ ಯಾವ ಬಂದರೋ, ಹಗಲೋ ಇರುಳೋ.
ಕೆಳಗೆ ಉಗಿಯ ಕೊಳವೆ, ಎಣ್ಣೆ, ಬೆವರು,
ಗೋಡೆಗೆ ಒಂದು ಗಂಟೆ.

ಎಪ್ಪತ್ತೊಂದರ ಯುದ್ಧ ಹೇಳೆಂದು
ನಾವು ಹುಡುಗರು ಅಂಗಡಿಯ ಮೆಟ್ಟಿಲಿಗೆ ಕೂತರೆ
"ಗಂಟಿ ಹೊಡೀತು, ಜೋರ ಅಂತ. ಜೋರ ಮಾಡಿದ್ವಿ.
ಮತ್ತ ಹೊಡೀತು, ಸಾವಕಾಶ ಅಂತ. ಸಾವಕಾಶ ಮಾಡಿದ್ವಿ.
ಒಬ್ಬಾಂವ ಇಳಿದು ಬಂದು ಗೆದ್ದೀವಿ ಅಂದ.
ನಾ ಆಗ ಒಂದು ವಾಲ್ವ್ ಬಿಗೀತಿದ್ದೆ, ಸೋರತಿತ್ತು."
ಇಷ್ಟೇ ಯುದ್ಧ.
ನಮಗೋ ತೋಪು ಬೇಕಿತ್ತು, ಹೊಗೆ ಬೇಕಿತ್ತು.

ಎಡಗಿವಿಯನ್ನು ಎಂಜಿನ್ನಿಗೆ ಕೊಟ್ಟು ಬಂದವ
ರಿವೈಂಡಿಂಗ್ ಅಂಗಡಿಯಲ್ಲಿ
ಬೋರ್‌ವೆಲ್ಲಿನ ಮೋಟಾರುಗಳ ಬೆನ್ನಿಗೆ ಅಂಗೈ ಇಟ್ಟು ಕೇಳುತ್ತಿದ್ದ,
ವೈದ್ಯ ಎಳೆಗೂಸಿನ ಹೊಟ್ಟೆ ಮುಟ್ಟಿದ ಹಾಗೆ.
"ಬೇರಿಂಗ್ ಅಳಾಕತ್ತೈತಿ, ಬಿಚ್ಚು."
ನಾನು ಬಿಚ್ಚುತ್ತಿದ್ದೆ. ಅತ್ತಿರುತ್ತಿತ್ತು.

ಒಂದು ಸಂಜೆ ಕರೆಂಟು ಹೋಗಿ
ತಾಮ್ರದ ಸುತ್ತು ಅರ್ಧಕ್ಕೆ ನಿಂತಾಗ, ಯಾರೂ ಕೇಳದೆ:
"ನಮ್ಮ ತಲೀಮ್ಯಾಲ ಒಂದು ಬಾಗಲಾ ಇತ್ತು, ಖಾಜಾ.
ನೀರ ಹೊಕ್ಕರ ಅದಕ್ಕ ಹೊರಗಿಂದ ಚಿಲಕ ಹಾಕತಾರ.
ಹಾಕಬೇಕು. ಇಲ್ಲಾಂದ್ರ ಎಲ್ಲಾರೂ ಹೋಗತಾರ.
ಹಾಕಾಂವ ಕೇರಳದ ಕುಂಜಪ್ಪ.
ದಿನಾ ಒಂದ ತಾಟಿನಾಗ ಉಣತಿದ್ವಿ."
ಕರೆಂಟು ಬಂತು.
"ಎಷ್ಟಕ್ಕ ಬಿಟ್ಟಿದ್ದೆ? ಅರವತ್ತೆರಡೋ, ಅರವತ್ಮೂರೋ?"
ಮೊದಲಿನಿಂದ ಎಣಿಸತೊಡಗಿದ.

ನವೆಂಬರ್ ಬಂದರೆ ಬ್ಯಾಂಕಿಗೆ ಹೋಗಿ
ಬದುಕಿದ್ದೇನೆಂದು ತೋರಿಸಬೇಕು.
ಸುಟ್ಟು ನುಣುಪಾದ ಬೆರಳುಗಳನ್ನು
ಮಷೀನು ಹತ್ತಕ್ಕೆ ಹತ್ತೂ ಒಲ್ಲೆನೆಂದಿತು.
"ನಾನಽ ಹೇಳಾಕತ್ತೇನಲ್ಲ, ತಂಗಿ, ಅದೀನಿ ಅಂತ."
ಕ್ಲಾರ್ಕು ಹುಡುಗಿ ಪಾಪ, ನಕ್ಕಳು, ನಾಳೆ ಬರ್ರಿ ಅಂದಳು.
ನಾಲ್ಕನೆಯ ದಿನ ಕಣ್ಣಿನ ಮಷೀನು ತಂದರು.
ಕಣ್ಣು ಮಾತ್ರ ಹೂಂ ಅಂದಿತು.

ಸಾಯುವ ಮೊದಲೊಮ್ಮೆ ಸಮುದ್ರ ತೋರಿಸೆಂದು
ಅಂಬೂಬಾಯಿ ಹಟ ಹಿಡಿದಳು.
ಟ್ರ್ಯಾಕ್ಸು ಮಾಡಿಕೊಂಡು ಕಾರವಾರಕ್ಕೆ ಹೋದೆವು,
ಅವ್ವನ ಬುತ್ತಿ, ಶೇಂಗಾ ಚಟ್ನಿ, ನಾನು ಸ್ಟೇರಿಂಗಿಗೆ.
ಆಕೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು
ತೆರೆ ಬಂದಾಗೊಮ್ಮೆ ಚೀರಿದಳು.
ಈತ ಸಮುದ್ರಕ್ಕೆ ಬೆನ್ನು ಹಾಕಿ
ದಂಡೆಗೆಳೆದ ದೋಣಿಯೊಂದರ ಎಂಜಿನ್ನಿಗೆ ಅಂಗೈ ಇಟ್ಟಿದ್ದ.
ಮೀನುಗಾರ ಬೀಡಿ ಕೊಟ್ಟ. ಇಬ್ಬರೂ ಒಂದು ನಟ್ಟು ಹುಡುಕಿದರು.
"ಏ, ಒಂದರೆ ಸಲ ಇತ್ಲಾಗ ನೋಡ್ರಿ!" ಆಕೆ ಕೂಗಿದಳು.
ಒಳ್ಳೆಯ ಕಿವಿ ಆ ಕಡೆಗಿತ್ತು.
ತಿರುಗಿದ. ಎಣ್ಣೆಗೈ ಹಣೆಗೆ ಅಡ್ಡ ಹಿಡಿದು
ಬಹಳ ಹೊತ್ತು ನೋಡಿದ.
"ಇಷ್ಟ ದೊಡ್ಡದಿತ್ತೇನಽ?"
ನನಗೆ ಕೇಳಿದನೋ, ಯಾರಿಗೋ.

ಊರಿಗೆ ಮರಳಿದಾಗ ನಳ ಬಂದು ಹೋಗಿತ್ತು.
ಯಾರೋ ಅವನ ಎರಡೂ ಬಕೆಟ್ಟು ತುಂಬಿ
ಕಟ್ಟೆಯ ಮೇಲೆ ಪರಾತ ಮುಚ್ಚಿಟ್ಟಿದ್ದರು.